ಕೈಕೊಟ್ಟ ಡಾಟ್ ನೆಟ್: ಸಿಡ್ನಿ, ಮೆಲ್ಬರ್ನ್ ಕನ್ನಡಿಗರಿಗೊಂದು ದುರಸ್ತಿ ಕೈಪಿಡಿ

ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್‌ನ ಭದ್ರತಾ ಅಪ್‌ಡೇಟ್‌ಗಳನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ 10 ಗಂಟೆಗೆ ಬಿಡುಗಡೆ ಮಾಡುತ್ತದೆ. ಆ ಹೊತ್ತಿಗೆ ಬೆಂಗಳೂರಿನಲ್ಲಿ ಮಂಗಳವಾರ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ. ಸಿಡ್ನಿ ಮತ್ತು ಮೆಲ್ಬರ್ನ್‌ಗಳಲ್ಲಿ ಬುಧವಾರದ ನಸುಕು: ಚಳಿಗಾಲದಲ್ಲಿ ಸುಮಾರು 3 ಗಂಟೆ, ಬೇಸಿಗೆಯಲ್ಲಿ 5 ಗಂಟೆ. ಹೀಗಾಗಿ ಇಲ್ಲಿನ ಮನೆಗಳಲ್ಲಿ ಅಪ್‌ಡೇಟ್‌ನ ಪರಿಣಾಮ ಕಾಣುವುದು ಬುಧವಾರ, ಗುರುವಾರಗಳಲ್ಲಿ. ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ಲಾಗಿನ್ ಆಗುವ ಹೊತ್ತಿಗೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಕೇಳುತ್ತದೆ. ಸಂಜೆಯಾಗುತ್ತಿದ್ದಂತೆ ವೆಂಟ್‌ವರ್ತ್‌ವಿಲ್‌ನಿಂದಲೋ ಪಾಯಿಂಟ್ ಕುಕ್‌ನಿಂದಲೋ ಐಟಿಯಲ್ಲಿರುವ ಗೆಳೆಯನಿಗೆ ಫೋನು ಹೋಗುತ್ತದೆ: "ನಿನ್ನೆವರೆಗೂ ಚೆನ್ನಾಗೇ ಇತ್ತು ಕಣೋ, ಇವತ್ತು ಓಪನ್ನೇ ಆಗ್ತಿಲ್ಲ. ಏನೋ ಡಾಟ್ ನೆಟ್ ಫ್ರೇಮ್‌ವರ್ಕ್ ಅಂತ ಕೇಳ್ತಿದೆ."

ಆ ಫೋನು ಮಾಡುವವರಿಗಾಗಿ ಈ ಬರಹ. ಗೆಳೆಯನ ಬಿಡುವಿಗೆ ಕಾಯದೆ ನೀವೇ ಮಾಡಿಕೊಳ್ಳಬಹುದಾದ ಕೆಲಸ ಇದರಲ್ಲಿ ಬಹಳಷ್ಟಿದೆ. ಮಾಡಬಾರದ ಕೆಲವು ಕೆಲಸಗಳೂ ಇವೆ, ಅವು ಇನ್ನೂ ಮುಖ್ಯ.

ಮೊದಲು, ಈ ಡಾಟ್ ನೆಟ್ ಎಂದರೇನು? ಮದುವೆಗೆ ಅಡುಗೆಯವರನ್ನು ಕರೆಸಿದರೆ ಅವರು ಸೌಟು, ಸಾಮಾನಿನ ಪಟ್ಟಿ ಹಿಡಿದು ಬರುತ್ತಾರೆ. ಒಲೆ, ಕೊಪ್ಪರಿಗೆಗಳು ಛತ್ರದಲ್ಲೇ ಇರಬೇಕು. ತಂತ್ರಾಂಶ ಬರೆಯುವವರೂ ಹಾಗೆಯೇ, ಕಿಟಕಿ ತೆರೆಯುವುದು, ಕಡತ ಓದುವುದು, ಮುದ್ರಿಸುವುದು ಮುಂತಾದ ಮಾಮೂಲಿ ಕೆಲಸಗಳ ಸಲಕರಣೆಯನ್ನು ತಾವು ಹೊತ್ತು ತರುವುದಿಲ್ಲ. ಅದು ವಿಂಡೋಸ್‌ನಲ್ಲಿ ಆಗಲೇ ಇದೆ ಎಂದು ನಂಬಿ ಬರೆದಿರುತ್ತಾರೆ. 2002ರಲ್ಲಿ ಮೊದಲ ಆವೃತ್ತಿ ಬಂದ ಡಾಟ್ ನೆಟ್ ಫ್ರೇಮ್‌ವರ್ಕ್ ಅಂಥ ಸಲಕರಣೆ. ಎಂವೈಒಬಿ ಅಕೌಂಟ್‌ರೈಟ್, ರೆಕನ್ ಅಕೌಂಟ್ಸ್‌ನಂಥ ಆಸ್ಟ್ರೇಲಿಯಾದ ಸಣ್ಣ ವ್ಯಾಪಾರಿಗಳ ಲೆಕ್ಕದ ತಂತ್ರಾಂಶಗಳು ಇದರ ಮೇಲೆ ನಿಂತಿವೆ. ಪ್ರಿಂಟರ್, ಸ್ಕ್ಯಾನರ್ ಜೊತೆ ಬರುವ ಎಷ್ಟೋ ಉಪತಂತ್ರಾಂಶಗಳೂ ಊರಿನಿಂದ ತಂದ ಹಳೆಯ ಕಾರ್ಯಕ್ರಮಗಳೂ ಹೀಗೆಯೇ. ಸಲಕರಣೆ ಕೆಟ್ಟರೆ ಅಥವಾ ಬೇಕಾದ ಆವೃತ್ತಿ ಇಲ್ಲದಿದ್ದರೆ ತಂತ್ರಾಂಶ ತೆರೆಯುವುದೇ ಇಲ್ಲ.

ಯಾವ ಡಾಟ್ ನೆಟ್ ಎಂದು ಮೊದಲು ನೋಡಿ

ತಪ್ಪು ಆವೃತ್ತಿಯನ್ನು ಹಾಕಲು ಹೋಗಿ ಗಂಟೆಗಟ್ಟಲೆ ಒದ್ದಾಡುವವರೇ ಹೆಚ್ಚು. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿ.

ಡಾಟ್ ನೆಟ್‌ನಲ್ಲಿ ಮೂರು ಕವಲುಗಳಿವೆ. ಮೊದಲನೆಯದು 3.5. ಇದು 2007ರಲ್ಲಿ ಬಂತು, ಹಿಂದಿನ 2.0 ಮತ್ತು 3.0 ಎರಡೂ ಇದರೊಳಗೇ ಸೇರಿವೆ. ಎರಡನೆಯದು 4ರ ಸಾಲು: 4.5, 4.6, 4.7 ಹೀಗೆ ಬೆಳೆದು 2019ರಲ್ಲಿ 4.8, 2022ರಲ್ಲಿ 4.8.1 ಆಯಿತು. ಈ ಸಾಲಿನಲ್ಲಿ ಹೊಸದು ಬಂದರೆ ಹಳೆಯದರ ಜಾಗದಲ್ಲೇ ಕೂರುತ್ತದೆ, ಪಕ್ಕದಲ್ಲಲ್ಲ. 4.8 ಇರುವ ಕಂಪ್ಯೂಟರಿನಲ್ಲಿ 4.5 ಕೇಳುವ ತಂತ್ರಾಂಶ ನಡೆಯುತ್ತದೆ. ಆದರೆ 3.5 ಕೇಳುವ ತಂತ್ರಾಂಶಕ್ಕೆ 4.8 ಸಾಮಾನ್ಯವಾಗಿ ಸಾಲುವುದಿಲ್ಲ. 4.8 ದೊಡ್ಡ ಸಂಖ್ಯೆ, ಅದರಲ್ಲಿ 3.5 ಅಡಗಿರಬೇಕು ಎಂಬ ಊಹೆ ಸಹಜವಾದರೂ ತಪ್ಪು. ಎರಡೂ ಒಂದೇ ಕಂಪ್ಯೂಟರಿನಲ್ಲಿ ಬೇರೆ ಬೇರೆಯಾಗಿ ಬದುಕುತ್ತವೆ.

ಮೂರನೆಯ ಕವಲಿನ ಹೆಸರಿನಲ್ಲಿ ಫ್ರೇಮ್‌ವರ್ಕ್ ಎಂಬ ಮಾತಿಲ್ಲ, ಬರೀ ಡಾಟ್ ನೆಟ್. 2020ರ ನವೆಂಬರ್‌ನಲ್ಲಿ 5 ಬಂತು, ಆಮೇಲೆ ವರ್ಷಕ್ಕೊಂದರಂತೆ ನವೆಂಬರ್‌ನಲ್ಲಿ 6, 7, 8, 9 ಬಂದವು. ಇವುಗಳ ಮುಖ್ಯ ಸಂಖ್ಯೆ ಬದಲಾದಂತೆ ಪ್ರತಿಯೊಂದೂ ಪಕ್ಕಪಕ್ಕ ಕೂರುತ್ತದೆ. 8 ಕೇಳುವ ತಂತ್ರಾಂಶಕ್ಕೆ ಮಾಮೂಲಾಗಿ 8ನ್ನೇ ಕೊಡಬೇಕು. ಪರದೆಯ ಮೇಲೆ "ಡೆಸ್ಕ್‌ಟಾಪ್ ರನ್‌ಟೈಮ್" ಎಂಬ ಪದ ಕಂಡರೆ ಕೇಳುತ್ತಿರುವುದು ಇದನ್ನು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಿಮ್ಮ ವಿಂಡೋಸ್ 64 ಬಿಟ್‌ನದಾಗಿದ್ದರೂ ತಂತ್ರಾಂಶ 32 ಬಿಟ್‌ನದಾಗಿದ್ದರೆ ಅದಕ್ಕೆ ಎಕ್ಸ್86 ಎಂದು ಗುರುತಿಸಿದ ರನ್‌ಟೈಮ್ ಬೇಕು. ಎಕ್ಸ್64 ಹಾಕಿ, ಹಾಕಿದ ಮೇಲೂ ಅದೇ ಸಂದೇಶ ಬರುತ್ತಿದೆ ಎಂದು ಕಂಗಾಲಾಗುವವರು ಈ ಒಂದನ್ನು ಪರೀಕ್ಷಿಸಿದರೆ ಸಾಕು.

ಆದ್ದರಿಂದ ಸಂದೇಶದ ಪೆಟ್ಟಿಗೆಯನ್ನು ಮುಚ್ಚುವ ಮೊದಲು ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಆವೃತ್ತಿಯ ಸಂಖ್ಯೆ, ಫ್ರೇಮ್‌ವರ್ಕ್ ಎಂಬ ಪದ ಇದೆಯೇ ಇಲ್ಲವೇ, ಕೊನೆಯಲ್ಲಿರುವ ದೋಷದ ಕೋಡ್ ಈ ಮೂರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ನಿಜಕ್ಕೂ ಸೋತಿದೆಯೇ ಎಂಬುದನ್ನೂ ನೋಡಬೇಕು. ವಿಂಡೋಸ್ 11ರ 22ಎಚ್2 ಮತ್ತು ನಂತರದ ಆವೃತ್ತಿಗಳಲ್ಲಿ 4.8.1 ಕಂಪನಿಯಿಂದಲೇ ಒಳಗಿದ್ದು ಬರುತ್ತದೆ. ಅದಕ್ಕೆ ಹಿಂದಿನ ವಿಂಡೋಸ್ 11ರಲ್ಲೂ 2019ರ ಮೇ ತಿಂಗಳ ನಂತರದ ವಿಂಡೋಸ್ 10ರಲ್ಲೂ 4.8 ಇರುತ್ತದೆ. ಇಂಥ ಕಂಪ್ಯೂಟರಿಗೆ 4.8ರ ಇನ್‌ಸ್ಟಾಲರ್ ಇಳಿಸಿ ಓಡಿಸಿದರೆ "ಇದು ಅಥವಾ ಇದಕ್ಕಿಂತ ಹೊಸದು ಆಗಲೇ ಇದೆ" ಎಂದು ಹೇಳಿ ನಿಂತುಬಿಡುತ್ತದೆ. ಅದು ದೋಷವಲ್ಲ. ಖಾತ್ರಿ ಮಾಡಿಕೊಳ್ಳಬೇಕೆಂದರೆ ರಿಜಿಸ್ಟ್ರಿ ಎಡಿಟರ್ ತೆರೆದು ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ನೆಟ್ ಫ್ರೇಮ್‌ವರ್ಕ್ ಸೆಟಪ್, ಎನ್‌ಡಿಪಿ, ವಿ4, ಫುಲ್ ಎಂದು ಒಳಗೊಳಗೆ ಹೋಗಿ. ಅಲ್ಲಿ ರಿಲೀಸ್ ಎಂಬ ಸಾಲಿನ ಸಂಖ್ಯೆ 528040 ಅಥವಾ ಹೆಚ್ಚಿದ್ದರೆ 4.8 ಇದೆ, 533320 ಅಥವಾ ಹೆಚ್ಚಿದ್ದರೆ 4.8.1 ಇದೆ. ನೋಡಿ ಮುಚ್ಚಿಬಿಡಿ, ಅಲ್ಲಿ ಏನನ್ನೂ ತಿದ್ದಬೇಡಿ.

ಔಷಧಿಗೆ ಮೊದಲು ಪಥ್ಯ

ಶಟ್ ಡೌನ್ ಮಾಡಿ ಮತ್ತೆ ಆನ್ ಮಾಡುವುದು ರೀಸ್ಟಾರ್ಟ್‌ಗೆ ಸಮವಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಚಾಲೂ ಇದ್ದರೆ ಶಟ್ ಡೌನ್ ಮಾಡಿದಾಗ ವ್ಯವಸ್ಥೆಯ ಒಳಭಾಗ ಪೂರ್ತಿ ಮುಚ್ಚುವುದಿಲ್ಲ, ಡಿಸ್ಕಿನಲ್ಲಿ ಉಳಿದು ಮತ್ತೆ ಎದ್ದುಬರುತ್ತದೆ. ಅರ್ಧಕ್ಕೆ ನಿಂತ ಅಪ್‌ಡೇಟ್ ಹಾಗೇ ಅರ್ಧದಲ್ಲೇ ಇರುತ್ತದೆ. ಮೆನುವಿನಲ್ಲಿ ರೀಸ್ಟಾರ್ಟ್ ಎಂಬುದನ್ನೇ ಆರಿಸಿ. 80070ಬಿಸಿ9 ಎಂಬ ಕೋಡ್ ಬಂದರಂತೂ ಅದರ ಅರ್ಥವೇ ಇದು, ಹಿಂದಿನ ಕೆಲಸಕ್ಕೆ ರೀಸ್ಟಾರ್ಟ್ ಬಾಕಿ ಇದೆ. (ಈ ಕೋಡ್‌ಗಳ ಮುಂದೆಲ್ಲ ಸೊನ್ನೆ ಮತ್ತು ಎಕ್ಸ್ ಇರುತ್ತದೆ, ಓದಲು ಸುಲಭವಾಗಲೆಂದು ಅದನ್ನು ಬಿಟ್ಟು ಬರೆಯುತ್ತಿದ್ದೇನೆ.)

ಹೊಸದಾಗಿ ವಲಸೆ ಬಂದವರು ಬಾಡಿಗೆ ಮನೆಗೆ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಜಾಲವಾದ ಎನ್‌ಬಿಎನ್ ಸಂಪರ್ಕ ಸಿಗುವವರೆಗೆ ಫೋನಿನ ಹಾಟ್‌ಸ್ಪಾಟ್‌ನಲ್ಲೇ ದಿನ ದೂಡುತ್ತಾರೆ. ಡೇಟಾ ಉಳಿಸಲೆಂದು ಆ ಸಂಪರ್ಕವನ್ನು "ಮೀಟರ್ಡ್" ಎಂದು ಗುರುತು ಮಾಡಿದ್ದರೆ ವಿಂಡೋಸ್ ಹೆಚ್ಚಿನ ಅಪ್‌ಡೇಟ್‌ಗಳನ್ನು ಇಳಿಸುವುದೇ ಇಲ್ಲ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಆ ಗುರುತನ್ನು ಸ್ವಲ್ಪ ಹೊತ್ತು ತೆಗೆಯಿರಿ, ಇಲ್ಲವೇ ಒಳ್ಳೆಯ ವೈಫೈ ಇರುವ ಕಡೆ ಲ್ಯಾಪ್‌ಟಾಪ್ ಒಯ್ಯಿರಿ.

ಗಡಿಯಾರ ನೋಡಿ. ಊರಿನಿಂದ ತಂದ ಹಳೆಯ ಲ್ಯಾಪ್‌ಟಾಪ್‌ನ ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಆಗ ಅಪ್‌ಡೇಟ್ ಸರ್ವರ್‌ನ ಪ್ರಮಾಣಪತ್ರವನ್ನು ಕಂಪ್ಯೂಟರ್ ನಂಬುವುದಿಲ್ಲ. 80072ಎಫ್8ಎಫ್ ಎಂಬ ಕೋಡ್ ಕಾಣಿಸಿಕೊಳ್ಳುತ್ತದೆ. ಭಾರತಕ್ಕೂ ಸಿಡ್ನಿ, ಮೆಲ್ಬರ್ನ್‌ಗಳಿಗೂ ವರ್ಷದ ಒಂದು ಭಾಗದಲ್ಲಿ ನಾಲ್ಕೂವರೆ, ಇನ್ನೊಂದು ಭಾಗದಲ್ಲಿ ಐದೂವರೆ ಗಂಟೆಯ ಅಂತರ. ಇದನ್ನು ಗಡಿಯಾರ ತಿರುಗಿಸಿ ಸರಿಮಾಡಬೇಡಿ. ಟೈಮ್ ಝೋನ್ ಬದಲಾಯಿಸಿ, ಸಮಯ ತಾನಾಗಿ ಹೊಂದಿಕೊಳ್ಳುವಂತೆ ಬಿಡಿ.

ಜಾಗ. ಡಾಟ್ ನೆಟ್ ಫ್ರೇಮ್‌ವರ್ಕ್‌ಗೆ 4.5 ಜಿಬಿ ಡಿಸ್ಕ್ ಜಾಗ ಬೇಕೆಂದು ಮೈಕ್ರೋಸಾಫ್ಟ್ ಹೇಳುತ್ತದೆ. ಮಕ್ಕಳಿಗೆಂದು ಕಡಿಮೆ ಬೆಲೆಗೆ ಕೊಂಡ 64 ಜಿಬಿ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್, ಆಫೀಸ್, ನಾಲ್ಕು ಆಟ ತುಂಬಿದರೆ ಅಷ್ಟು ಖಾಲಿ ಉಳಿದಿರುವುದಿಲ್ಲ. ಇಂಥ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು "ಎಸ್ ಮೋಡ್"ನಲ್ಲಿ ಬರುತ್ತವೆ; ಆಗ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿರುವುದನ್ನು ಬಿಟ್ಟು ಬೇರೇನನ್ನೂ ಹಾಕಲು ಬಿಡುವುದಿಲ್ಲ. ಎಸ್ ಮೋಡ್‌ನಿಂದ ಹೊರಬರುವುದು ಉಚಿತ, ಆದರೆ ಹೊರಬಂದ ಮೇಲೆ ಒಳಹೋಗಲು ದಾರಿಯಿಲ್ಲ. ಯೋಚಿಸಿ ಮಾಡಿ.

3.5ರ ತೊಡಕು

ಅತಿ ಹೆಚ್ಚು ಗೋಳಾಡಿಸುವುದು ಇದೇ. ವಿಂಡೋಸ್ 8ರಿಂದ ಈಚೆಗೆ 3.5 ಕಂಪ್ಯೂಟರಿನೊಳಗೆ ಸಿದ್ಧವಾಗಿ ಇರುವುದಿಲ್ಲ. ಅದಕ್ಕೊಂದು ಜಾಗ ಮಾತ್ರ ಇರುತ್ತದೆ. ಬೇಕೆಂದಾಗ ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್ಸ್ ವಿಭಾಗದಲ್ಲಿ "ವಿಂಡೋಸ್ ಫೀಚರ್ಸ್" ಪಟ್ಟಿ ತೆರೆದು ಡಾಟ್ ನೆಟ್ ಫ್ರೇಮ್‌ವರ್ಕ್ 3.5ರ ಮುಂದೆ ಗುರುತು ಹಾಕಬೇಕು. ಆಗ ವಿಂಡೋಸ್ ಅಪ್‌ಡೇಟ್ ಸರ್ವರ್‌ನಿಂದ ಕಡತಗಳು ಇಳಿದು ಬರುತ್ತವೆ. ತೊಡಕೆಲ್ಲ ಈ ಇಳಿದು ಬರುವುದರಲ್ಲಿದೆ.

ಕೋಡ್ 800ಎಫ್0906 ಎಂದರೆ ಕಡತ ಇಳಿಸಲಾಗಲಿಲ್ಲ. 800ಎಫ್081ಎಫ್ ಎಂದರೆ ಹೇಳಿದ ಜಾಗದಲ್ಲಿ ಮೂಲ ಕಡತ ಸಿಗಲಿಲ್ಲ. 800ಎಫ್0907 ಎಂದರೆ ಆಡಳಿತದ ನೀತಿ ತಡೆದಿದೆ. ಇದು ಬಹುಮಟ್ಟಿಗೆ ಆಫೀಸಿನ ಲ್ಯಾಪ್‌ಟಾಪ್‌ಗಳ ಸಮಸ್ಯೆ. ಅವುಗಳಲ್ಲೇ ಕಾಣುವ ಇನ್ನೊಂದು 800ಎಫ್0954: ಕಂಪನಿಯ ಒಳಗಿನ ಅಪ್‌ಡೇಟ್ ಸರ್ವರ್‌ನಲ್ಲಿ ಆ ಕಡತವಿಲ್ಲ, ಹೊರಗಿನ ಸರ್ವರ್‌ಗೆ ಹೋಗಲು ಅನುಮತಿಯೂ ಇಲ್ಲ. ಆಫೀಸಿನ ಯಂತ್ರವಾದರೆ ನೀವೇ ಕೈಹಾಕಬೇಡಿ. ಕೋಡ್ ಬರೆದು ಐಟಿ ವಿಭಾಗಕ್ಕೆ ಕಳಿಸಿ. ಐಚ್ಛಿಕ ಭಾಗಗಳನ್ನು ನೇರವಾಗಿ ವಿಂಡೋಸ್ ಅಪ್‌ಡೇಟ್‌ನಿಂದ ಇಳಿಸಲು ಬಿಡುವ ಒಂದು ಗ್ರೂಪ್ ಪಾಲಿಸಿ ಇದೆ, ಅವರಿಗೆ ಅದು ಗೊತ್ತಿರುತ್ತದೆ.

ಮನೆಯ ಯಂತ್ರವಾದರೆ ಇಂಟರ್‌ನೆಟ್ಟನ್ನೇ ಬದಿಗಿಡುವ ದಾರಿಯಿದೆ. ಮೈಕ್ರೋಸಾಫ್ಟ್‌ನ ತಾಣದಿಂದ ನಿಮ್ಮ ವಿಂಡೋಸ್‌ನ ಐಎಸ್ಒ ಕಡತ ಇಳಿಸಿಕೊಳ್ಳಿ, ಅಥವಾ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿಯ ಪೆನ್‌ಡ್ರೈವ್ ತಯಾರಿಸಿ. ಆವೃತ್ತಿ ಹೊಂದಲೇಬೇಕು: ನಿಮ್ಮದು 23ಎಚ್2 ಆದರೆ ಐಎಸ್ಒ ಕೂಡ 23ಎಚ್2. ಐಎಸ್ಒ ಮೇಲೆ ಎರಡು ಸಲ ಒತ್ತಿದರೆ ಅದು ಒಂದು ಹೊಸ ಡ್ರೈವ್‌ನಂತೆ ತೆರೆಯುತ್ತದೆ. ಅದರೊಳಗೆ ಸೋರ್ಸಸ್ ಎಂಬ ಫೋಲ್ಡರ್, ಅದರೊಳಗೆ ಎಸ್ಎಕ್ಸ್ಎಸ್ ಎಂಬ ಫೋಲ್ಡರ್. 3.5ರ ಮೂಲ ಕಡತ ಇರುವುದು ಅಲ್ಲಿ. ಡ್ರೈವ್‌ನ ಅಕ್ಷರ ಡಿ ಆಗಿದ್ದರೆ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಈ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ:

ಡಿಸ್ಮ್ /ಆನ್‌ಲೈನ್ /ಎನೇಬಲ್-ಫೀಚರ್ /ಫೀಚರ್‌ನೇಮ್:ನೆಟ್‌ಎಫ್ಎಕ್ಸ್3 /ಆಲ್ /ಲಿಮಿಟ್‌ಆಕ್ಸೆಸ್ /ಸೋರ್ಸ್:ಡಿ:\ಸೋರ್ಸಸ್\ಎಸ್ಎಕ್ಸ್ಎಸ್

ಪ್ರತಿ / ಗುರುತಿಗೆ ಮೊದಲು ಒಂದು ತೆರಪು ಬೇಕು, ಅದರ ನಂತರ ಬೇಡ. ಲಿಮಿಟ್‌ಆಕ್ಸೆಸ್ ಎಂಬುದು ವಿಂಡೋಸ್ ಅಪ್‌ಡೇಟ್ ಕಡೆ ಹೋಗಬೇಡ, ನಾನು ತೋರಿಸಿದ ಕಡೆಯಿಂದಲೇ ತೆಗೆದುಕೋ ಎಂದು ಹೇಳುತ್ತದೆ. ನೂರು ಶೇಕಡಾ ತಲುಪಿ ಯಶಸ್ವಿಯಾಯಿತು ಎಂದರೆ ಮುಗಿಯಿತು. ಮತ್ತೆ 081ಎಫ್ ಎಂದರೆ ಮಾರ್ಗ ತಪ್ಪಾಗಿದೆ ಅಥವಾ ಆವೃತ್ತಿ ಹೊಂದಿಲ್ಲ.

ಈ ವಿಷಯದಲ್ಲಿ ಬಳಕೆದಾರರ ತಪ್ಪೇನೂ ಇಲ್ಲದ ಸಂದರ್ಭಗಳೂ ಉಂಟು. 2014ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಹೊರಡಿಸಿದ ಡಾಟ್ ನೆಟ್ ಭದ್ರತಾ ಅಪ್‌ಡೇಟ್ ಹಾಕಿಕೊಂಡ ವಿಂಡೋಸ್ 8 ಮತ್ತು 8.1 ಕಂಪ್ಯೂಟರುಗಳಲ್ಲಿ, 3.5 ಮೊದಲೇ ಇಲ್ಲದಿದ್ದರೆ, ಆಮೇಲೆ ಅದನ್ನು ಹಾಕಲು ಆಗುತ್ತಲೇ ಇರಲಿಲ್ಲ. ಶಿಸ್ತಾಗಿ ಅಪ್‌ಡೇಟ್ ಮಾಡಿಕೊಂಡವರೇ ಸಿಕ್ಕಿಬಿದ್ದರು. ಕೊನೆಗೆ ಕೆಬಿ 3005628 ಎಂಬ ಇನ್ನೊಂದು ಅಪ್‌ಡೇಟ್ ಬಿಟ್ಟು ಅದನ್ನು ಸರಿಪಡಿಸಬೇಕಾಯಿತು. ನಿಮ್ಮ ಕಂಪ್ಯೂಟರ್ ಒಂದು ನಿರ್ದಿಷ್ಟ ಅಪ್‌ಡೇಟ್ ಆದ ಮಾರನೆಯ ದಿನವೇ ಹಠ ಹಿಡಿದರೆ, ಆ ಅಪ್‌ಡೇಟ್‌ನ ಕೆಬಿ ಸಂಖ್ಯೆಯನ್ನು ಮೈಕ್ರೋಸಾಫ್ಟ್‌ನ ತಾಣದಲ್ಲಿ ಹುಡುಕಿ, ಗೊತ್ತಿರುವ ತೊಂದರೆಗಳ ಪಟ್ಟಿ ಓದಿ. ಎರಡು ದಿನ ಕಾಯುವುದೇ ಕೆಲವೊಮ್ಮೆ ಸರಿಯಾದ ದುರಸ್ತಿ.

4.8 ಅಪ್‌ಡೇಟ್ ಪದೇ ಪದೇ ಸೋತಾಗ

80070643. ಡಾಟ್ ನೆಟ್ ಅಪ್‌ಡೇಟ್ ಸೋತಾಗ ಬರುವ ಕುಖ್ಯಾತ ಕೋಡ್ ಇದು. ಆದರೆ ಇದಕ್ಕೆ ಇರುವ ಅರ್ಥ "ಇನ್‌ಸ್ಟಾಲ್ ಆಗಲಿಲ್ಲ" ಎಂದಷ್ಟೇ. ಯಾಕೆ ಎಂದು ಅದು ಹೇಳುವುದಿಲ್ಲ. 2024ರ ಜನವರಿಯಲ್ಲಿ ಕೆಬಿ 5034441 ಎಂಬ ಅಪ್‌ಡೇಟ್ ಲೋಕದ ತುಂಬ ವಿಂಡೋಸ್ 10 ಕಂಪ್ಯೂಟರುಗಳಲ್ಲಿ ಇದೇ ಕೋಡ್ ತೋರಿಸಿ ಸೋತಿತು. ಕಾರಣ ಡಾಟ್ ನೆಟ್ ಆಗಿರಲಿಲ್ಲ. ಡಿಸ್ಕಿನಲ್ಲಿ ಅಡಗಿರುವ ರಿಕವರಿ ಭಾಗದಲ್ಲಿ 250 ಎಂಬಿ ಖಾಲಿ ಜಾಗ ಇರಬೇಕಿತ್ತು, ಇರಲಿಲ್ಲ. ಹಾಗಾಗಿ ಕೋಡ್ ನೋಡಿದೊಡನೆ ಡಾಟ್ ನೆಟ್ ಕಿತ್ತುಹಾಕಲು ಹೊರಡಬೇಡಿ. ಅಪ್‌ಡೇಟ್ ಹಿಸ್ಟರಿಯಲ್ಲಿ ಸೋತದ್ದರ ಹೆಸರು ಓದಿ. ಅದರಲ್ಲಿ ಡಾಟ್ ನೆಟ್ ಫ್ರೇಮ್‌ವರ್ಕ್ ಎಂದಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಮೊದಲು ವಿಂಡೋಸ್‌ನ ಸ್ವಂತ ದುರಸ್ತಿ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ "ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್". ಇದು ವಿಂಡೋಸ್ ತನ್ನ ಭಾಗಗಳನ್ನು ಇಟ್ಟುಕೊಂಡಿರುವ ಉಗ್ರಾಣವನ್ನು ಸರಿಪಡಿಸುತ್ತದೆ. ನಡುವೆ ಒಂದೇ ಸಂಖ್ಯೆಯಲ್ಲಿ ಬಹಳ ಹೊತ್ತು ನಿಂತಂತೆ ಕಾಣಬಹುದು, ಮುಚ್ಚಬೇಡಿ. ಅದು ಮುಗಿದ ಮೇಲೆ "ಎಸ್ಎಫ್‌ಸಿ /ಸ್ಕ್ಯಾನ್‌ನೌ". ಇದು ಕೆಟ್ಟ ಕಡತಗಳನ್ನು ಆ ಉಗ್ರಾಣದಿಂದ ತಂದು ಬದಲಿಸುತ್ತದೆ. ಈ ಎರಡರ ಕ್ರಮ ತಿರುಗಿಸಬೇಡಿ. ಉಗ್ರಾಣವೇ ಕೆಟ್ಟಿದ್ದರೆ ಅದರಿಂದ ತಂದದ್ದೂ ಕೆಟ್ಟದ್ದೇ. ರೀಸ್ಟಾರ್ಟ್ ಮಾಡಿ ಅಪ್‌ಡೇಟ್ ಮತ್ತೆ ಪ್ರಯತ್ನಿಸಿ.

ಆಗದಿದ್ದರೆ, ಇಳಿದ ಕಡತವೇ ಹಾಳಾಗಿರಬಹುದು. ಸರ್ವಿಸಸ್ ಪಟ್ಟಿಯಲ್ಲಿ ವಿಂಡೋಸ್ ಅಪ್‌ಡೇಟ್ ಮತ್ತು ಬಿಟ್ಸ್ (ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್) ಸೇವೆಗಳನ್ನು ನಿಲ್ಲಿಸಿ, ವಿಂಡೋಸ್ ಫೋಲ್ಡರ್‌ನೊಳಗಿನ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಎಂಬ ಫೋಲ್ಡರ್‌ಗೆ ಬೇರೆ ಹೆಸರು ಕೊಟ್ಟು, ಸೇವೆಗಳನ್ನು ಮತ್ತೆ ಆರಂಭಿಸಿ. ವಿಂಡೋಸ್ ಹೊಸ ಫೋಲ್ಡರ್ ಮಾಡಿಕೊಂಡು ಎಲ್ಲವನ್ನೂ ಹೊಸದಾಗಿ ಇಳಿಸುತ್ತದೆ. ಮೈಕ್ರೋಸಾಫ್ಟ್‌ನದೇ ಡಾಟ್ ನೆಟ್ ಫ್ರೇಮ್‌ವರ್ಕ್ ರಿಪೇರ್ ಟೂಲ್ ಕೂಡ ಇದೆ, ಉಚಿತ. ಪರೀಕ್ಷಿಸಿ, ಏನು ಬದಲಿಸಬೇಕೆಂದು ಹೇಳಿ, ಒಪ್ಪಿದರೆ ಬದಲಿಸುತ್ತದೆ. ಹಿಂದೆ ಮೈಕ್ರೋಸಾಫ್ಟ್‌ನ ಎಂಜಿನಿಯರ್ ಆರನ್ ಸ್ಟೆಬ್ನರ್ ಮಾಡಿದ ಕ್ಲೀನಪ್ ಟೂಲ್ ಬಹಳ ಹೆಸರಾಗಿತ್ತು. ಡಾಟ್ ನೆಟ್ ವಿಂಡೋಸ್‌ನ ಅಂಗವೇ ಆಗಿರುವ ಇಂದಿನ ಆವೃತ್ತಿಗಳಲ್ಲಿ ಆ ಒಳಗಿನ ಭಾಗವನ್ನು ಅದು ಮುಟ್ಟುವುದಿಲ್ಲ. ವಿಂಡೋಸ್ 10, 11 ಬಳಸುವವರು ಅದರ ಹಿಂದೆ ಹೋಗುವ ಅಗತ್ಯ ಕಾಣೆ.

ಇಷ್ಟರಲ್ಲೂ ಬಗ್ಗದಿದ್ದರೆ ವಿಂಡೋಸ್ 11ರಲ್ಲಿ ಒಂದು ಒಳ್ಳೆಯ ಕೊನೆಯ ಉಪಾಯವಿದೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಎಂದು ಹೋದರೆ "ವಿಂಡೋಸ್ ಅಪ್‌ಡೇಟ್ ಬಳಸಿ ಸಮಸ್ಯೆ ಸರಿಪಡಿಸಿ" ಎಂಬ ಅರ್ಥದ ಸಾಲಿದೆ, ಪಕ್ಕದಲ್ಲಿ ರೀಇನ್‌ಸ್ಟಾಲ್ ಗುಂಡಿ. ನಿಮ್ಮ ಕಡತ, ತಂತ್ರಾಂಶ, ಸೆಟ್ಟಿಂಗ್ಸ್ ಎಲ್ಲ ಉಳಿಸಿ ವಿಂಡೋಸನ್ನು ಮಾತ್ರ ಮತ್ತೆ ಕೂರಿಸುತ್ತದೆ. ವಿಂಡೋಸ್ 10ರಲ್ಲಿ ಐಎಸ್ಒ ತೆರೆದು ಅದರ ಸೆಟಪ್ ಓಡಿಸಿ, ಎಲ್ಲವನ್ನೂ ಉಳಿಸು ಎಂದು ಆರಿಸಿದರೆ ಅದೇ ಫಲ. ಉಳಿಸುತ್ತದೆ ಎಂದಿದ್ದರೂ ಫೋಟೋ, ತೆರಿಗೆ ಕಾಗದಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಂಡೇ ಶುರು ಮಾಡಿ.

ಗೆಳೆಯನ ಅಥವಾ ತಂತ್ರಾಂಶ ಮಾರಿದವರ ಸಹಾಯ ಕೇಳುವುದಾದರೆ ಲಾಗ್ ಕಡತ ಕಳಿಸಿ. ಡಾಟ್ ನೆಟ್ ಇನ್‌ಸ್ಟಾಲರ್ ತನ್ನ ಲಾಗನ್ನು ಟೆಂಪ್ ಫೋಲ್ಡರ್‌ನಲ್ಲಿ ಬಿಟ್ಟಿರುತ್ತದೆ. ವಿಂಡೋಸ್‌ನದು ವಿಂಡೋಸ್ ಫೋಲ್ಡರ್‌ನ ಲಾಗ್ಸ್‌ನೊಳಗೆ ಸಿಬಿಎಸ್ ಮತ್ತು ಡಿಸ್ಮ್ ಎಂಬ ಹೆಸರುಗಳಲ್ಲಿದೆ. "ವರ್ಕ್ ಆಗ್ತಿಲ್ಲ" ಎಂಬ ಮಾತಿಗಿಂತ ಅವು ಎಷ್ಟೋ ಪಾಲು ಉಪಯುಕ್ತ.

ಕನ್ನಡ ಲಿಪಿ ಬಳಸುವವರಿಗೆ ಬರಬಹುದಾದ ಒಂದು ತೊಂದರೆಯನ್ನೂ ಹೇಳಬೇಕು. ಅಭಿಮಾನದಿಂದ ವಿಂಡೋಸ್‌ನ ಬಳಕೆದಾರ ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಟ್ಟವರಿದ್ದಾರೆ. ಇನ್‌ಸ್ಟಾಲರ್‌ಗಳು ತಮ್ಮ ಕಡತಗಳನ್ನು ಮೊದಲು ಟೆಂಪ್ ಫೋಲ್ಡರ್‌ನಲ್ಲಿ ಬಿಚ್ಚುತ್ತವೆ. ಆ ಫೋಲ್ಡರ್‌ನ ವಿಳಾಸದಲ್ಲಿ ನಿಮ್ಮ ಹೆಸರಿರುತ್ತದೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಹಳೆಯ ಎಎನ್ಎಸ್ಐ ಸಂಕೇತಪಟ್ಟಿ ಇಲ್ಲ, ಯುನಿಕೋಡ್ ಒಂದೇ. ಯುನಿಕೋಡ್ ಅರಿಯದ ಹಳೆಯ ಇನ್‌ಸ್ಟಾಲರ್‌ಗೆ ಆ ವಿಳಾಸ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತದೆ, ಅದು ದಾರಿ ತಪ್ಪುತ್ತದೆ. ಇಂಗ್ಲಿಷ್ ಅಕ್ಷರದ ಹೆಸರಿನಲ್ಲಿ ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆ ತೆರೆದು ಅದರಿಂದ ಇನ್‌ಸ್ಟಾಲ್ ಮಾಡಿ ನೋಡಿ. ನಮ್ಮ ಲಿಪಿಯನ್ನು ಬಿಟ್ಟುಕೊಡಬೇಕೆಂದು ಇದನ್ನು ಹೇಳುತ್ತಿಲ್ಲ. ದೋಷ ಹಳೆಯ ಇನ್‌ಸ್ಟಾಲರ್‌ನದು, ಕನ್ನಡದ್ದಲ್ಲ.

ಫೋನ್ ನಂಬರ್ ಕಂಡರೆ ನಿಲ್ಲಿ

ಈ ಬರಹದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ. ದೋಷದ ಕೋಡನ್ನು ಹುಡುಕುತ್ತ ಹೋದರೆ, ಕ್ಷಣದಲ್ಲಿ ಸರಿಪಡಿಸುವುದಾಗಿ ಹೇಳುವ ತಾಣಗಳು, ಜೊತೆಗೊಂದು ಸಹಾಯವಾಣಿ ಸಂಖ್ಯೆ ಎದುರಾಗುತ್ತವೆ. ಮೈಕ್ರೋಸಾಫ್ಟ್‌ನ ನಿಜವಾದ ದೋಷ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಎನ್‌ಬಿಎನ್ ಹೆಸರಿನಲ್ಲಿ ಕರೆ ಮಾಡಿ ನಿಮ್ಮ ಕಂಪ್ಯೂಟರ್ ಕೆಟ್ಟಿದೆ, ಒಳಬರಲು ಬಿಡಿ ಎನ್ನುವವರೂ ವಂಚಕರೇ. ಎನ್‌ಬಿಎನ್ ಸಂಸ್ಥೆ ಹಾಗೆ ಕರೆ ಮಾಡುವುದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಲೋಕದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಇಲ್ಲಿ ಶುಕ್ರವಾರ ಮಧ್ಯಾಹ್ನವಾಗಿತ್ತು; ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ವಿಮಾನ ನಿಲ್ದಾಣದಿಂದ ಸೂಪರ್ ಮಾರ್ಕೆಟ್‌ವರೆಗೆ ಕೆಲಸ ಸ್ಥಗಿತಗೊಂಡಿತು. ಸರಿಪಡಿಸುತ್ತೇವೆಂದು ಹೇಳುವ ನಕಲಿ ತಾಣಗಳು, ಅನಧಿಕೃತ ಕೋಡ್‌ಗಳು ಅದರ ಬೆನ್ನಲ್ಲೇ ಹುಟ್ಟಿಕೊಂಡಿವೆ ಎಂದು ಆಸ್ಟ್ರೇಲಿಯಾದ ಸೈಬರ್ ಭದ್ರತಾ ಕೇಂದ್ರ ಎಚ್ಚರಿಸಬೇಕಾಯಿತು. ಜನ ಗಾಬರಿಯಾದ ಹೊತ್ತೇ ವಂಚಕರಿಗೆ ಸುಗ್ಗಿ.

ಆದ್ದರಿಂದ ಡಾಟ್ ನೆಟ್ ಇಳಿಸುವುದು ಮೈಕ್ರೋಸಾಫ್ಟ್‌ನ ತಾಣದಿಂದ ಮಾತ್ರ. ಅದಕ್ಕೆ ಕಾಸು ಕೊಡಬೇಕಿಲ್ಲ. ಒಂದೊಂದೇ ಡಿಎಲ್ಎಲ್ ಕಡತ ಕೊಡುವ ತಾಣಗಳ ಕಡೆ ತಲೆಹಾಕಬೇಡಿ. ಒಂದು ವೇಳೆ ಯಾರನ್ನೋ ಒಳಬಿಟ್ಟಿದ್ದರೆ ಕೂಡಲೇ ಇಂಟರ್‌ನೆಟ್ ತೆಗೆಯಿರಿ, ಬ್ಯಾಂಕಿಗೆ ಫೋನ್ ಮಾಡಿ, ಆಮೇಲೆ ಸೈಬರ್ ಸಹಾಯವಾಣಿ 1300 292 371ಕ್ಕೆ. ಸ್ಕ್ಯಾಮ್‌ವಾಚ್‌ನಲ್ಲಿ ವರದಿ ಮಾಡಿ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಹೀಗಾದರೆ ಭಾರತದ ಸಂಖ್ಯೆ 1930. ಅದನ್ನು ಅವರ ಫೋನಿನಲ್ಲಿ ಈಗಲೇ ಉಳಿಸಿಕೊಡಿ.

ಅಪ್ಪ ಅಮ್ಮನ ಕಂಪ್ಯೂಟರನ್ನು ಇಲ್ಲಿಂದ ಸರಿಪಡಿಸಲು ವಿಂಡೋಸ್‌ನ ಕ್ವಿಕ್ ಅಸಿಸ್ಟ್ ಚೆನ್ನಾಗಿದೆ. ಆದರೆ ಒಂದು ಕಟ್ಟುನಿಟ್ಟು ಇರಲಿ: ಮೊದಲು ವಿಡಿಯೋ ಕರೆಯಲ್ಲಿ ಮುಖ ನೋಡಿ ಮಾತಾಡಿ, ಆಮೇಲೆ ಕೋಡ್ ಹೇಳಿ. ಬೇರೆ ಯಾರು ಕೋಡ್ ಹೇಳಿದರೂ ಹಾಕಬೇಡಿ ಎಂದು ಅವರಿಗೆ ಹೇಳಿಕೊಡಿ. ಮಕ್ಕಳ ಜೊತೆ ಇರಲು ಬಂದ ಹಿರಿಯರಿಗೂ ಆಸ್ಟ್ರೇಲಿಯಾ ಸರ್ಕಾರದ "ಬಿ ಕನೆಕ್ಟೆಡ್" ಎಂಬ ಉಚಿತ ಕಲಿಕಾ ಕಾರ್ಯಕ್ರಮ ಉಪಯೋಗಕ್ಕೆ ಬರುತ್ತದೆ. ಅನೇಕ ಬಡಾವಣೆ ಗ್ರಂಥಾಲಯಗಳು ಅದರಲ್ಲಿ ಸೇರಿವೆ.

ಕಾಲ ನೋಡಿ ಕೆಲಸಕ್ಕೆ ಕೂರುವುದೂ ಮುಖ್ಯ. ಇಲ್ಲಿನ ಆರ್ಥಿಕ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಸ್ವಂತವಾಗಿ ತೆರಿಗೆ ಸಲ್ಲಿಸುವವರಿಗೆ ಕೊನೆಯ ದಿನ ಅಕ್ಟೋಬರ್ 31. ಸಣ್ಣ ವ್ಯಾಪಾರ ಇರುವವರು ಮೂರು ತಿಂಗಳ ಲೆಕ್ಕವನ್ನು ಅಕ್ಟೋಬರ್, ಫೆಬ್ರವರಿ, ಏಪ್ರಿಲ್, ಜುಲೈ 28ರೊಳಗೆ ಕೊಡಬೇಕು. ಲೆಕ್ಕದ ತಂತ್ರಾಂಶವಿರುವ ಕಂಪ್ಯೂಟರಿಗೆ ದೊಡ್ಡ ಅಪ್‌ಡೇಟ್ ಅಥವಾ ಹೊಸ ಇನ್‌ಸ್ಟಾಲ್ ಮಾಡುವುದಿದ್ದರೆ ಆ ದಿನಗಳಿಗೆ ಎರಡು ವಾರ ಮೊದಲೇ ಮಾಡಿ ಮುಗಿಸಿ.

ಹಳೆಯ ಯಂತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಂಡೋಸ್ 7ಕ್ಕೆ 4ರ ಸಾಲಿನಲ್ಲಿ 4.8ರಿಂದಾಚೆಗೆ ಯಾವುದೂ ಬರುವುದಿಲ್ಲ, ಅದನ್ನು ಹಾಕಲೂ ಹೊಸ ಪ್ರಮಾಣಪತ್ರಗಳು ಬೇಕು. ಅದರ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರ ಇವೆರಡರಲ್ಲಿ ಒಂದಾಗಿದ್ದರೆ ಡಾಟ್ ನೆಟ್ ದುರಸ್ತಿಗಿಂತ ಮೊದಲು ಯೋಚಿಸಬೇಕಾದದ್ದು ಬೆಂಬಲ ಮುಗಿದಿರುವುದರ ಬಗ್ಗೆ.

ಕೊನೆಗೆ ಎರಡು ಕೋರಿಕೆ. "ಬರಹ", "ನುಡಿ" ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಟೈಪ್ ಮಾಡಿಟ್ಟ ಕಡತಗಳಿಗಾಗಿಯೇ ಹಳೆಯ ಕಂಪ್ಯೂಟರನ್ನೂ ಹಳೆಯ ತಂತ್ರಾಂಶವನ್ನೂ ಕಾಪಾಡಿಕೊಂಡು ಬಂದವರು ನಮ್ಮಲ್ಲಿದ್ದಾರೆ. ಸಂಘದ ಹಳೆಯ ಸಂಚಿಕೆ, ಮನೆತನದ ವಂಶಾವಳಿ, ನಾಟಕದ ಹಸ್ತಪ್ರತಿ, ಏನೇ ಇರಲಿ, ಆ ತಂತ್ರಾಂಶ ತೆರೆಯುವ ಸ್ಥಿತಿಯಲ್ಲಿರುವಾಗಲೇ ಯುನಿಕೋಡ್‌ಗೆ ಪರಿವರ್ತಿಸಿ ಬೇರೆ ಕಡೆ ಇಡಿ. ಇನ್ನೊಂದು, ಕನ್ನಡಕ್ಕಾಗಿ ಸಣ್ಣ ಪುಟ್ಟ ತಂತ್ರಾಂಶ ಬರೆದು ಹಂಚಿದವರಿಗೆ: ನಿಮ್ಮ ಕಾರ್ಯಕ್ರಮ ಇನ್ನೂ 3.5 ಕೇಳುತ್ತಿದ್ದರೆ ದಯವಿಟ್ಟು ಅದನ್ನು 4.8ಕ್ಕೋ ಹೊಸ ಡಾಟ್ ನೆಟ್‌ಗೋ ಏರಿಸಿ, ಅಥವಾ ಮೂಲ ಕೋಡನ್ನು ಬಹಿರಂಗಗೊಳಿಸಿ; ಏರಿಸಬಲ್ಲ ಹುಡುಗ ಹುಡುಗಿಯರು ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಡಾಟ್ ನೆಟ್ ಫ್ರೇಮ್‌ವರ್ಕ್ 3.5ಕ್ಕೆ ಮೈಕ್ರೋಸಾಫ್ಟ್ ಕೊಡುವ ಬೆಂಬಲ 2029ರ ಜನವರಿ 9ಕ್ಕೆ ಕೊನೆಯಾಗುತ್ತದೆ.